‘ಇದು ಪ್ರಸಂಗ, ಪ್ರಬಂಧವಲ್ಲ’: ದೈವಶಾಸ್ತ್ರದ ವಿದ್ಯಾರ್ಥಿನಿಗೊಂದು ಉತ್ತರ

ಪ್ರಶ್ನೆ: ವಿಶ್ವವಿದ್ಯಾಲಯದಲ್ಲಿ ದೈವಶಾಸ್ತ್ರ ಪದವಿಯ ಎರಡನೇ ವರ್ಷದಲ್ಲಿದ್ದೇನೆ. ಈ ಅವಧಿಗೆ ‘ಕ್ರೈಸ್ತ ದೈವಶಾಸ್ತ್ರದ ಪ್ರಮುಖ ಸಿದ್ಧಾಂತಗಳು’ ಎಂಬ ವಿಷಯ ಆರಿಸಿಕೊಂಡೆ. ಚಿಕ್ಕಂದಿನಿಂದ ಸಭೆಯಲ್ಲೇ, ಅಂದರೆ ಚರ್ಚಿನಲ್ಲೇ, ಬೆಳೆದವಳು ನಾನು. ತಂದೆ ಸಭೆಯ ಹಿರಿಯರು. ತ್ರಿಯೇಕತ್ವದ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ಸಿದ್ಧಾಂತದ) ಬಗ್ಗೆ ಬರೆದ ಮೊದಲ ಪ್ರಬಂಧಕ್ಕೆ ಅಂಕ ತೀರಾ ಕಡಿಮೆ ಬಂತು. ಅಂಚಿನಲ್ಲಿ ಅಧ್ಯಾಪಕರು ‘ಇದು ಪ್ರಸಂಗ, ಪ್ರಬಂಧವಲ್ಲ’ ಎಂದು, ಅಂದರೆ ಇದು ಚರ್ಚಿನಲ್ಲಿ ಮಾಡುವ ಬೋಧನೆಯಂತಿದೆ ಎಂದು, ಬರೆದಿದ್ದರು. ದೇವರನ್ನೇ ನಂಬದ ಸಹಪಾಠಿಗೆ ನನಗಿಂತ ಎಷ್ಟೋ ಹೆಚ್ಚು ಅಂಕ. ಇದರ ನಡುವೆ ಒಂದು ವಿಡಿಯೊ ನೋಡಿದೆ. ಯೇಸು ದೇವರೆಂದು 325ರಲ್ಲಿ ನೈಸಿಯದಲ್ಲಿ ಸೇರಿದ ಬಿಷಪ್‌ಗಳ ಮಹಾಸಭೆಯಲ್ಲಿ ಮತ ಹಾಕಿಸಿ ತೀರ್ಮಾನಿಸಿದವನು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್, ಬೈಬಲಿನ ಪುಸ್ತಕಗಳನ್ನು ಆರಿಸಿದ್ದೂ ಅಲ್ಲಿಯೇ ಎಂದು ಅದರಲ್ಲಿ ಹೇಳಿದ್ದರು. ಅಧ್ಯಾಪಕರನ್ನು ಕೇಳಿದರೆ ‘ಅದು ಅಷ್ಟು ಸರಳವಲ್ಲ’ ಎಂದರೇ ಹೊರತು ಸುಳ್ಳು ಎನ್ನಲಿಲ್ಲ. ಅಂದಿನಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ. ಈ ವಿಷಯ ಬಿಟ್ಟುಬಿಡು ಎನ್ನುತ್ತಾರೆ ತಂದೆ. ಬೈಬಲ್ ಅಧ್ಯಯನಕ್ಕೆ ಬದಲಾಯಿಸಿಕೊಳ್ಳಲೇ, ಪಾದ್ರಿಗಳನ್ನು ತಯಾರುಮಾಡುವ ಸೆಮಿನರಿಗೆ ಹೋಗಲೇ, ಇಲ್ಲೇ ಮುಂದುವರಿಯಲೇ? ಗ್ರೀಕ್, ಲ್ಯಾಟಿನ್ ಬಾರದೆ ಇದನ್ನು ಓದಲು ಸಾಧ್ಯವೇ? ಪ್ರಬಂಧದ ಮೊದಲ ಪುಟವನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳು ಹೆಣೆದುಕೊಂಡಿವೆ. ಈ ವಿಷಯದಲ್ಲಿ ಪಾಸಾಗುತ್ತೇನೆಯೇ ಎಂಬುದು ಒಂದು. ಪಾಸಾಗುವ ಹೊತ್ತಿಗೆ ನನ್ನ ವಿಶ್ವಾಸ ಉಳಿದಿರುತ್ತದೆಯೇ ಎಂಬುದು ಇನ್ನೊಂದು. ಅಂಕ ಕಡಿಮೆಯಾದದ್ದನ್ನು ನೀವು ವಿಶ್ವಾಸಕ್ಕೆ ಬಿದ್ದ ಪೆಟ್ಟೆಂದು ಭಾವಿಸಿದ್ದೀರಿ. ಮೊದಲ ಪುಟ ಓದಿದ ಮೇಲೆ ನನಗೆ ಹಾಗನ್ನಿಸಲಿಲ್ಲ. ಬಹಳ ವರ್ಷ ಇದೇ ವಿಷಯ ಪಾಠ ಮಾಡಿ, ಇಂಥವೇ ಪ್ರಬಂಧಗಳನ್ನು ತಿದ್ದಿದ್ದೇನೆ. ಯಾವ ಪ್ರಶ್ನೆ ಎದ್ದಿತ್ತು ಎಂಬುದನ್ನು ಹೇಳದೆ ನೇರವಾಗಿ ಉತ್ತರ ಹೇಳಿಬಿಟ್ಟಿದ್ದೀರಿ. ಅಂಕ ಹೋದದ್ದು ಅದಕ್ಕೆ.

ಮೊದಲು ಆ ವಿಡಿಯೊ ವಿಚಾರ ಮುಗಿಸೋಣ.

ಯೇಸು ಬರೀ ಮನುಷ್ಯನೋ ದೇವರೋ ಎಂಬುದು ನೈಸಿಯದಲ್ಲಿ ಚರ್ಚೆಗೆ ಬಂದ ಪ್ರಶ್ನೆಯೇ ಅಲ್ಲ. ವಿವಾದಕ್ಕೆ ಕಾರಣನಾದ ಏರಿಯಸ್ ಅಲೆಕ್ಸಾಂಡ್ರಿಯದ ಒಬ್ಬ ಪಾದ್ರಿ. ಮಗನು, ಅಂದರೆ ಕ್ರಿಸ್ತನು, ಲೋಕಗಳಿಗಿಂತ ಮುಂಚಿನವನು, ಅವನ ಮೂಲಕವೇ ಸಮಸ್ತವೂ ಉಂಟಾಯಿತು ಎಂದು ಏರಿಯಸ್ ಕೂಡ ಒಪ್ಪಿದ್ದ. ಆದರೆ ಆದಿಯಿಲ್ಲದವನು ಒಬ್ಬನೇ, ಅವನು ತಂದೆ. ಹಾಗಾದರೆ ಮಗನಿಗೆ ಆರಂಭವಿರಲೇಬೇಕು, ಅವನು ಸೃಷ್ಟಿಗಳಲ್ಲಿ ಮೊದಲನೆಯವನು, ಎಲ್ಲಕ್ಕಿಂತ ಶ್ರೇಷ್ಠನು, ಆದರೂ ಸೃಷ್ಟಿಯೇ ಎಂಬುದು ಅವನ ತರ್ಕ. ದೇವರ ಏಕತ್ವಕ್ಕೆ ಕುಂದು ಬರಬಾರದೆಂಬ ಕಳಕಳಿ ಅದರ ಹಿಂದಿತ್ತು. ಅವನ ಪಕ್ಷದವರು ದೇವರು ತನ್ನನ್ನು ಮೊದಲು ಉಂಟುಮಾಡಿದನೆಂದು ಜ್ಞಾನವು ಹೇಳುವ ಬೈಬಲಿನ ಜ್ಞಾನೋಕ್ತಿಗಳ ಎಂಟನೇ ಅಧ್ಯಾಯವನ್ನೂ, ತಂದೆಯು ನನಗಿಂತ ದೊಡ್ಡವನು ಎಂದು ಯೋಹಾನನ ಸುವಾರ್ತೆಯಲ್ಲಿ ಯೇಸು ಹೇಳುವುದನ್ನೂ ತೋರಿಸಿದರು. ನಾನೂ ತಂದೆಯೂ ಒಂದು ಎಂದು ಅದೇ ಸುವಾರ್ತೆಯಲ್ಲಿ ಅದೇ ಯೇಸು ಹೇಳುತ್ತಾನಲ್ಲ ಎಂದು ಎದುರಿನವರು ಕೇಳಿದರು. ಎರಡೂ ಕಡೆಯವರ ಕೈಯಲ್ಲಿ ಇದ್ದದ್ದು ಅದೇ ಧರ್ಮಗ್ರಂಥ.

ಕ್ರಿಸ್ತನ ಆರಾಧನೆಯನ್ನು ಕಾನ್‌ಸ್ಟಂಟೈನ್ ಹುಟ್ಟುಹಾಕಿದ ಎಂಬ ಮಾತಿಗೂ ಆಧಾರವಿಲ್ಲ. ಬೈಬಲಿನಲ್ಲಿರುವ ಅಪೊಸ್ತಲ ಪೌಲನ ಪತ್ರಿಕೆಗಳಲ್ಲಿ ಹಲವು ಮೊದಲ ಶತಮಾನದ ಐವತ್ತರ ದಶಕದವು. ಯೇಸುವನ್ನು ಕರ್ತನೆಂದು ಕರೆದು ಮೊರೆಯಿಡುವುದು ಅವುಗಳಲ್ಲೇ ಇದೆ. ಸುಮಾರು 112ರಲ್ಲಿ ರೋಮನ್ ಅಧಿಕಾರಿ ಪ್ಲಿನಿಯು ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರದಲ್ಲಿ, ಈ ಜನ ಗೊತ್ತಾದ ದಿನ ಬೆಳಕು ಹರಿಯುವ ಮುನ್ನ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಸ್ತುತಿಸಿ ಹಾಡುತ್ತಾರೆ ಎಂದು ವರದಿ ಮಾಡಿದ್ದಾನೆ. ನೈಸಿಯಕ್ಕಿಂತ ಇನ್ನೂರು ವರ್ಷ ಹಿಂದಿನ ಸಾಕ್ಷ್ಯವಿದು, ಅದೂ ಕ್ರೈಸ್ತರನ್ನು ವಿಚಾರಣೆಗೆ ಎಳೆಯುತ್ತಿದ್ದವನ ಬರಹ. ಬೈಬಲಿನ ಪುಸ್ತಕಗಳ ಆಯ್ಕೆಯಂತೂ ಆ ಮಹಾಸಭೆಯ ನಿರ್ಣಯಗಳಲ್ಲಿ ಎಲ್ಲಿಯೂ ಇಲ್ಲ. ಇಂದಿನ ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂಬಂತೆ ಹೆಸರಿಸುವ ನಮಗೆ ದೊರೆತ ಮೊದಲ ಪಟ್ಟಿ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ 367ರಲ್ಲಿ ಬರೆದ ಈಸ್ಟರ್ ಹಬ್ಬದ ಪತ್ರದಲ್ಲಿದೆ.

ಹಾಗಿದ್ದರೆ ನಿಮ್ಮ ಅಧ್ಯಾಪಕರು ಅದನ್ನು ನೇರವಾಗಿ ಸುಳ್ಳು ಎನ್ನಲಿಲ್ಲವೇಕೆ? ವಿಡಿಯೊದಲ್ಲಿ ಒಂದಿಷ್ಟು ನಿಜವೂ ಇರುವುದರಿಂದ. ಮಹಾಸಭೆಯನ್ನು ಕರೆದವನು ಚಕ್ರವರ್ತಿಯೇ, ಅಲ್ಲಿ ಕುಳಿತವನೂ ಅವನೇ. ಮಗನು ಸೃಷ್ಟಿಯಲ್ಲ ಎಂಬ ಅಲ್ಲಿಯ ನಿರ್ಣಯಕ್ಕೆ ಸಹಿ ಹಾಕದ ಇಬ್ಬರು ಬಿಷಪ್‌ಗಳನ್ನು ಏರಿಯಸ್‌ನೊಂದಿಗೆ ಗಡೀಪಾರು ಮಾಡಲಾಯಿತು. ರಾಜಕಾರಣ ಇರಲೇ ಇಲ್ಲ ಎನ್ನುವವರು ಇತಿಹಾಸ ಓದಿಲ್ಲ. ಆದರೆ ಆಮೇಲಿನ ಕಥೆಯನ್ನೂ ಓದಬೇಕು. ಕೆಲವೇ ವರ್ಷಗಳಲ್ಲಿ ಗಾಳಿ ತಿರುಗಿತು. ಏರಿಯಸ್‌ನ ಬೆಂಬಲಿಗನಾಗಿದ್ದ ನಿಕೊಮೀಡಿಯದ ಬಿಷಪ್ ಯುಸೇಬಿಯಸ್‌ನಿಂದಲೇ 337ರಲ್ಲಿ ಕಾನ್‌ಸ್ಟಂಟೈನ್ ಮರಣಶಯ್ಯೆಯಲ್ಲಿ ದೀಕ್ಷಾಸ್ನಾನ ಪಡೆದ. ಅವನ ಮಗ ಕಾನ್‌ಸ್ಟಾಂಟಿಯಸ್ ನೈಸಿಯದ ನಿರ್ಣಯಕ್ಕೆ ವಿರುದ್ಧವಾಗಿದ್ದವರ ಬೆನ್ನಿಗೆ ನಿಂತ. ನೈಸಿಯದ ಪರ ನಿಂತ ಅಥನಾಸಿಯಸ್ ಐದು ಬಾರಿ ಗಡೀಪಾರಾದ. ಜಗಳ ಒಂದು ಹದಕ್ಕೆ ಬಂದದ್ದು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಹೊತ್ತಿಗೆ. ಅಲ್ಲಿಯೂ ಒಬ್ಬ ಚಕ್ರವರ್ತಿ ಇದ್ದ, ಥಿಯೊಡೋಸಿಯಸ್. ಅರಮನೆಯ ಬಲ ಎರಡೂ ಕಡೆಗೆ ಸರದಿಯಂತೆ ಸಿಕ್ಕಿದೆ. ಬರೀ ಆ ಬಲದಿಂದಲೇ ಸಿದ್ಧಾಂತ ತೀರ್ಮಾನವಾಗುವುದಾಗಿದ್ದರೆ 350ರ ದಶಕದಲ್ಲೇ ಏರಿಯಸ್‌ನ ಪಕ್ಷ ಗೆದ್ದು ಕಥೆ ಮುಗಿಯಬೇಕಿತ್ತು. ಇದು ನನ್ನ ಅಭಿಪ್ರಾಯ. ಒಪ್ಪದ ಇತಿಹಾಸಕಾರರು ಇದ್ದಾರೆ, ಅವರ ವಾದವನ್ನೂ ನೀವು ಓದಬೇಕಾಗುತ್ತದೆ.

ನಂಬುವವರ ಮನೆಗಳಲ್ಲಿ ಬೇರೂರಿರುವ ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲೇ ಹೇಳಿಬಿಡಬೇಕು. ತ್ರಿಯೇಕತ್ವದ ಸಿದ್ಧಾಂತ ಇಂದಿನ ರೂಪದಲ್ಲೇ ಮೊದಲ ದಿನದಿಂದ ಎಲ್ಲರಿಗೂ ಗೊತ್ತಿತ್ತು ಎಂಬುದು. ಇದೂ ನಿಲ್ಲುವುದಿಲ್ಲ. ಮೂರನೇ ಶತಮಾನದ ದೊಡ್ಡ ಪಂಡಿತ ಓರಿಗೆನ್ ಮಗನನ್ನು ತಂದೆಗಿಂತ ಒಂದು ಮೆಟ್ಟಿಲು ಕೆಳಗಿಟ್ಟು ಮಾತಾಡಿದ್ದುಂಟು. ನೈಸಿಯದಲ್ಲಿ ಒಪ್ಪಿದ 325ರ ವಿಶ್ವಾಸಪ್ರಮಾಣದಲ್ಲಿ (ಏನನ್ನು ನಂಬುತ್ತೇವೆ ಎಂದು ಸಾರುವ ಹೇಳಿಕೆ) ಪವಿತ್ರಾತ್ಮನ ಬಗ್ಗೆ ಇರುವುದು ‘ಪವಿತ್ರಾತ್ಮನನ್ನೂ ನಂಬುತ್ತೇವೆ’ ಎಂಬಷ್ಟು ಚುಟುಕು ಮಾತು. ಇಂದು ಆರಾಧನೆಯಲ್ಲಿ ಹೇಳುವ ಉದ್ದನೆಯ ಭಾಗ 381ರ ಮಹಾಸಭೆಯ ಹೆಸರಿನಲ್ಲಿ ಬಂದದ್ದು. ಮಗನು ತಂದೆಯೊಂದಿಗೆ ಒಂದೇ ಸತ್ವದವನು ಎಂದು ಹೇಳಲು ನೈಸಿಯದಲ್ಲಿ ಬಳಸಿದ ಪದ ಬೈಬಲಿನಲ್ಲಿ ಇಲ್ಲವಲ್ಲ ಎಂದು ಅಂದಿನ ಬಿಷಪ್‌ಗಳೇ ಕಸಿವಿಸಿಪಟ್ಟಿದ್ದರು. ನಿಮ್ಮ ನಿದ್ದೆ ಕೆಡಿಸುತ್ತಿರುವುದು ವಿಡಿಯೊದ ಸುಳ್ಳಿಗಿಂತ ಹೆಚ್ಚಾಗಿ ಈ ನಿಜವೇ ಇರಬೇಕೆಂಬುದು ನನ್ನ ಊಹೆ. ‘ಇದು ಯಾವಾಗಲೂ ಹೀಗೇ ಇತ್ತು’ ಎಂದು ಹೇಳಿಕೊಟ್ಟವರ ಮೇಲಿನ ಭರವಸೆ ಅಲುಗಾಡಿದೆ. ಸಿದ್ಧಾಂತಕ್ಕೆ ಇತಿಹಾಸವಿದೆ ಎಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ, ನಿಜವಾಗುವುದೂ ಇಲ್ಲ. ಅದು ಹೇಗೆ ರೂಪುಗೊಂಡಿತು ಎಂಬುದು ಒಂದು ಪ್ರಶ್ನೆ, ಅದು ಸತ್ಯವೇ ಎಂಬುದು ಬೇರೆಯೇ ಪ್ರಶ್ನೆ. ಪರೀಕ್ಷಕರು ಮುಖ್ಯವಾಗಿ ಕೇಳುವುದು ಮೊದಲನೆಯದನ್ನು. ಎರಡನೆಯದನ್ನು ಕೇಳಿದರೂ ಅಳೆಯುವುದು ನಿಮ್ಮ ವಾದವನ್ನು, ನಿಮ್ಮ ಭಕ್ತಿಯನ್ನಲ್ಲ.

ಎರಡೂ ಕಡೆಯ ವಾದಗಳನ್ನು ಮುಂದಿಟ್ಟು ಓದುವ ಈ ಪದ್ಧತಿಯನ್ನು ನಾಸ್ತಿಕರು ತಂದರು ಎಂಬ ಗುಮಾನಿ ನಿಮ್ಮ ತಂದೆಯವರಿಗೆ ಇರಬಹುದು. ಹುಟ್ಟಿದ್ದು ಸಭೆಯ ಒಳಗೇ. ಹನ್ನೆರಡನೇ ಶತಮಾನದಲ್ಲಿ ದೈವಶಾಸ್ತ್ರಜ್ಞ ಅಬೆಲಾರ್ಡ್ 158 ಪ್ರಶ್ನೆಗಳನ್ನು ಎತ್ತಿಕೊಂಡು, ಪ್ರತಿಯೊಂದಕ್ಕೂ ಸಭಾಪಿತೃಗಳ (ಆರಂಭದ ಶತಮಾನಗಳ ಕ್ರೈಸ್ತ ಗುರುಗಳ) ಹೌದು ಎನ್ನುವ ಮಾತುಗಳನ್ನೂ ಅಲ್ಲ ಎನ್ನುವ ಮಾತುಗಳನ್ನೂ ಅಕ್ಕಪಕ್ಕ ಇಟ್ಟು, ತೀರ್ಪು ಕೊಡದೆ ಬಿಟ್ಟ. ಅದೇ ಶತಮಾನದಲ್ಲಿ ಪೀಟರ್ ಲೊಂಬಾರ್ಡ್ ಇಂಥ ಉಲ್ಲೇಖಗಳನ್ನೇ ನಾಲ್ಕು ಭಾಗಗಳಲ್ಲಿ ಜೋಡಿಸಿ ಬರೆದ ಗ್ರಂಥ ಶತಮಾನಗಳ ಕಾಲ ವಿಶ್ವವಿದ್ಯಾಲಯಗಳ ಪಠ್ಯವಾಗಿತ್ತು. ಮಾರ್ಟಿನ್ ಲೂಥರ್ ಕೂಡ ಚಿಕ್ಕ ವಯಸ್ಸಿನಲ್ಲಿ ಅದರ ಮೇಲೆ ಪಾಠ ಹೇಳಿದವನೇ. ಹದಿಮೂರನೇ ಶತಮಾನದ ಥಾಮಸ್ ಅಕ್ವಿನಾಸ್‌ನ ಮಹಾಗ್ರಂಥವನ್ನು ಎಲ್ಲಿ ಬೇಕಾದರೂ ತೆರೆದು ನೋಡಿ. ದೇವರು ಇದ್ದಾನೆಯೇ ಎಂಬ ಪ್ರಶ್ನೆ ಬಂದಾಗ ಅವನ ಮೊದಲ ಮಾತು ‘ಇಲ್ಲವೆಂದು ತೋರುತ್ತದೆ’ ಎಂಬುದು. ಮಿತಿಯಿಲ್ಲದ ಒಳ್ಳೆಯತನವುಳ್ಳ ದೇವರಿದ್ದರೆ ಲೋಕದಲ್ಲಿ ಕೇಡು ಇರಬಾರದಾಗಿತ್ತು, ಆದರೆ ಇದೆ ಎಂದು ವಿರೋಧದ ವಾದವನ್ನು ಮೊದಲು ಮಂಡಿಸಿ, ಆಮೇಲೆ ತನ್ನ ಉತ್ತರಕ್ಕೆ ಬರುತ್ತಾನೆ. ಪೂರ್ವಪಕ್ಷವನ್ನು ಪೂರ್ತಿ ಹೇಳದೆ ಸಿದ್ಧಾಂತಕ್ಕೆ ಕೈಹಾಕಬಾರದು ಎಂಬ ಶಿಸ್ತು ನಮ್ಮ ಶಾಸ್ತ್ರಗ್ರಂಥಗಳನ್ನು ಬಲ್ಲವರಿಗೂ ಹೊಸದಲ್ಲ.

ಈಗ ನಿಮ್ಮ ಪುಟಕ್ಕೆ ಬರೋಣ. ಮೊದಲ ವಾಕ್ಯ ಹೀಗಿದೆ: ‘ತ್ರಿಯೇಕತ್ವವು ಮನುಷ್ಯಬುದ್ಧಿಗೆ ನಿಲುಕದ ಮರ್ಮ, ಅದನ್ನು ನಂಬಿಕೆಯಿಂದ ಸ್ವೀಕರಿಸಬೇಕೇ ಹೊರತು ತರ್ಕದಿಂದಲ್ಲ.’ ಭಾನುವಾರದ ಪ್ರಸಂಗದಲ್ಲಿ ಈ ಮಾತಿಗೆ ಯಾವ ಆಕ್ಷೇಪವೂ ಇಲ್ಲ. ಪ್ರಬಂಧದಲ್ಲಿ ಮಾತ್ರ ಇದು ಚರ್ಚೆಯನ್ನು ಶುರುವಿನಲ್ಲೇ ಮುಗಿಸಿಬಿಡುತ್ತದೆ. ಎರಡನೇ ಪ್ಯಾರಾದಲ್ಲಿ ‘ಏರಿಯಸ್ ಎಂಬ ಪಾಷಂಡಿ ಕ್ರಿಸ್ತನ ದೈವತ್ವವನ್ನು ಅಲ್ಲಗಳೆದನು, ಸಭೆಯು ಅವನನ್ನು ಖಂಡಿಸಿತು’ ಎಂದು ಒಂದೇ ಸಾಲಿನಲ್ಲಿ ಅವನ ವಿಚಾರ ಮುಗಿದಿದೆ. ಅವನು ಹಾಗೇಕೆ ಅಂದ, ಅದು ಯಾರಿಗೆ ಸರಿ ಕಂಡಿತು, ಅವನು ಹೇಳಿದ್ದನ್ನು ಒಪ್ಪಿದರೆ ಏನು ಕೆಡುತ್ತದೆ ಎಂಬುದು ಇಲ್ಲ. ಅಧ್ಯಾಪಕರು ಹುಡುಕಿದ್ದು ಅದನ್ನೇ.

ಅದೇ ಜಾಗದಲ್ಲಿ ಹೀಗೆ ಶುರುಮಾಡಿ ನೋಡಿ: ‘ಕ್ರೈಸ್ತರು ಕ್ರಿಸ್ತನ ಹೆಸರಿನಲ್ಲಿ ದೀಕ್ಷಾಸ್ನಾನ ಕೊಡುತ್ತಿದ್ದರು, ಅವನಿಗೆ ಪ್ರಾರ್ಥಿಸುತ್ತಿದ್ದರು. ಅದೇ ಹೊತ್ತಿಗೆ ದೇವರು ಒಬ್ಬನೇ ಎಂದೂ ಹೇಳುತ್ತಿದ್ದರು. ನಾಲ್ಕನೇ ಶತಮಾನದ ವಿವಾದ ಈ ಎರಡನ್ನೂ ಒಟ್ಟಿಗೆ ಹೇಳುವುದು ಹೇಗೆ ಎಂಬುದರ ಸುತ್ತ ನಡೆಯಿತು. ಏರಿಯಸ್ ಏಕದೇವತ್ವವನ್ನು ಕಾಪಾಡಲು ಮಗನನ್ನು ಸೃಷ್ಟಿಯ ಕಡೆಗೆ ಸರಿಸಿದ. ಹಾಗಾದರೆ ನಾವು ಸೃಷ್ಟಿಯನ್ನು ಆರಾಧಿಸಿದಂತಾಯಿತು, ಮತ್ತು ಸೃಷ್ಟಿಯಾದವನು ಸೃಷ್ಟಿಯನ್ನು ರಕ್ಷಿಸಲಾರ ಎಂಬುದು ಅಥನಾಸಿಯಸ್‌ನ ಉತ್ತರ.’ ಈ ಪ್ಯಾರಾ ಬರೆಯಲು ನಾಸ್ತಿಕರಾಗಬೇಕಿಲ್ಲ, ಆಸ್ತಿಕರಾಗಿರಲೇಬೇಕೆಂದೂ ಇಲ್ಲ. ಬರೆದ ಮೇಲೆ ಒಂದು ಪರೀಕ್ಷೆ ಮಾಡಿಕೊಳ್ಳಿ. ಏರಿಯಸ್ ಎದ್ದು ಬಂದು ಇದನ್ನು ಓದಿದರೆ ‘ಹೌದು, ನಾನು ಹೇಳಿದ್ದು ಇದನ್ನೇ’ ಎನ್ನುತ್ತಾನೆಯೇ? ಎನ್ನದಿದ್ದರೆ ಮತ್ತೆ ಬರೆಯಿರಿ.

ಇದಕ್ಕೆ ಮೂಲ ಬರಹಗಳೇ ಬೇಕು. ಏರಿಯಸ್ ನಿಕೊಮೀಡಿಯದ ಯುಸೇಬಿಯಸ್‌ಗೆ ಬರೆದ ಪತ್ರ ಒಂದೆರಡು ಪುಟದ್ದು. ಒಂದು ಸಂಜೆಯಲ್ಲಿ ನಾಲ್ಕು ಸಲ ಓದಬಹುದು. 325ರ ವಿಶ್ವಾಸಪ್ರಮಾಣವನ್ನು ಅದರ ಕೊನೆಯಲ್ಲಿರುವ ಶಾಪವಾಕ್ಯಗಳ ಸಮೇತ ಓದಿ. ಯಾವ ಯಾವ ಮಾತುಗಳನ್ನು ತಡೆಯಲು ಅದನ್ನು ಬರೆದರು ಎಂಬುದು ಆ ವಾಕ್ಯಗಳಲ್ಲೇ ಕಾಣುತ್ತದೆ. ಅಥನಾಸಿಯಸ್‌ನನ್ನು ಓದುವಾಗ ಒಂದು ಎಚ್ಚರವಿರಲಿ. ಏರಿಯಸ್‌ನ ಬರಹದಲ್ಲಿ ಬಹುಪಾಲು ನಾಶವಾಗಿದೆ. ಅವನ ಪದ್ಯರೂಪದ ಕೃತಿಯ ತುಣುಕುಗಳು ಉಳಿದಿರುವುದು ಮುಖ್ಯವಾಗಿ ಅಥನಾಸಿಯಸ್ ಖಂಡಿಸಲೆಂದು ಉದ್ಧರಿಸಿದ್ದರಿಂದ. ಎದುರಾಳಿ ಆರಿಸಿಕೊಟ್ಟ ಸಾಲುಗಳಿಂದ ಒಬ್ಬನ ವಾದವನ್ನು ಎಷ್ಟು ನಂಬಬಹುದು ಎಂದು ಪ್ರಬಂಧದಲ್ಲಿ ಒಂದು ಮಾತು ಬರೆದರೂ ಪರೀಕ್ಷಕರ ಕಣ್ಣು ಅರಳುತ್ತದೆ. ಪಠ್ಯಪುಸ್ತಕದ ಸಾರಾಂಶವನ್ನು ಮಾತ್ರ ಓದಿದವರಿಗೆ ಈ ಮಾತು ಹೊಳೆಯುವುದಿಲ್ಲ.

ನಿಮ್ಮ ಸಹಪಾಠಿಯ ಅಂಕದ ಗುಟ್ಟೂ ಇದರಲ್ಲೇ ಇದೆ. ಉತ್ತರದ ಮೇಲೆ ಮೋಹವಿಲ್ಲದ್ದರಿಂದ ಅವರು ಪ್ರಶ್ನೆಯ ಎರಡೂ ಕಡೆ ಸಲೀಸಾಗಿ ಓಡಾಡುತ್ತಾರೆ. ಆದರೆ ಅಂಥ ವಿದ್ಯಾರ್ಥಿಗಳು ಮುಗ್ಗರಿಸುವ ಜಾಗ ಬೇರೆ ಇದೆ: ಇಷ್ಟು ಸೂಕ್ಷ್ಮವಾದ ವ್ಯತ್ಯಾಸಕ್ಕೆ ಜನ ಊರು ಬಿಟ್ಟು ಹೋದದ್ದು ಯಾಕೆ ಎಂಬುದು ಅವರಿಗೆ ಹಿಡಿಯುವುದಿಲ್ಲ, ಎಲ್ಲವನ್ನೂ ಅಧಿಕಾರದ ಆಟ ಎಂದು ತಳ್ಳಿಹಾಕುತ್ತಾರೆ. ಪ್ರಾರ್ಥಿಸುವವರಿಗೆ ಅದು ಹೇಳದೆಯೇ ಅರ್ಥವಾಗುತ್ತದೆ. ಆ ತಿಳಿವಳಿಕೆಯನ್ನು ಸಾಕ್ಷಿ ಹೇಳಲು ಬಳಸದೆ ವಿಶ್ಲೇಷಣೆಗೆ ಬಳಸಿದರೆ ನಿಮ್ಮ ಬರಹಕ್ಕೆ ಅವರ ಬರಹಕ್ಕಿಲ್ಲದ ಬಲ ಬರುತ್ತದೆ.

ಎಲ್ಲ ಸಿದ್ಧಾಂತಗಳೂ ಒಂದೇ ಬಗೆಯಲ್ಲಿ ಗಟ್ಟಿಯಾದವಲ್ಲ ಎಂಬುದೂ ನಿಮಗೆ ಸಹಾಯವಾದೀತು. ಕ್ರಿಸ್ತನ ಮರಣ ನಮ್ಮನ್ನು ಹೇಗೆ ರಕ್ಷಿಸುತ್ತದೆ ಎಂಬುದಕ್ಕೆ ಆರಂಭದ ಯಾವ ವಿಶ್ವಮಹಾಸಭೆಯೂ ಇಂಥದೇ ವಿವರಣೆ ಎಂದು ಗೆರೆ ಎಳೆಯಲಿಲ್ಲ. ದೇವರ ಗೌರವಕ್ಕೆ ಸಲ್ಲಬೇಕಾದದ್ದು ಸಂದಾಯವಾಗಬೇಕಿತ್ತು ಎಂದು 1098ರ ಸುಮಾರಿಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ ವಾದಿಸಿದ. ಶಿಲುಬೆಯಲ್ಲಿ ಕಾಣುವ ಪ್ರೀತಿ ನಮ್ಮ ಮನಸ್ಸನ್ನು ತಿರುಗಿಸುತ್ತದೆ ಎಂಬುದು ಅಬೆಲಾರ್ಡ್‌ನ ಒತ್ತು. ಮರಣವನ್ನೂ ಸೈತಾನನನ್ನೂ ಗೆದ್ದ ಜಯ ಅದು ಎಂಬ ನೋಟ ಇಬ್ಬರಿಗಿಂತಲೂ ಹಳೆಯದು. ನಿಮ್ಮ ಸಭೆಯಲ್ಲಿ ಇವುಗಳಲ್ಲಿ ಒಂದನ್ನೇ ಕೇಳಿ ಬೆಳೆದಿರುತ್ತೀರಿ. ಎರಡನೇ ಪ್ರಬಂಧಕ್ಕೆ ಇದನ್ನೇ ಆರಿಸಿಕೊಳ್ಳಿ. ಒಬ್ಬರನ್ನು ಒಪ್ಪಿದ ಮಾತ್ರಕ್ಕೆ ಇನ್ನೊಬ್ಬರನ್ನು ಪಾಷಂಡಿ ಎನ್ನಬೇಕಾದ ಒತ್ತಡ ಇಲ್ಲಿ ಇರುವುದಿಲ್ಲ. ಕ್ರಿಸ್ತನ ಎರಡು ಸ್ವಭಾವಗಳ (ದೈವಸ್ವಭಾವ, ಮನುಷ್ಯಸ್ವಭಾವ) ಪಾಠ ಬಂದಾಗಲೂ ಅವಸರದ ತೀರ್ಪು ಬೇಡ. ಈ ಎರಡು ಸ್ವಭಾವಗಳ ಬಗ್ಗೆ 451ರ ಕ್ಯಾಲ್ಸಿಡನ್ ಮಹಾಸಭೆ ಕೈಗೊಂಡ ನಿರ್ಣಯವನ್ನು ಒಪ್ಪದೆ ಬೇರೆಯಾದ ಈಜಿಪ್ಟಿನ ಕಾಪ್ಟಿಕ್ ಸಭೆಯ ಮುಖ್ಯಸ್ಥ ಮೂರನೇ ಶೆನೂದಾ ಅವರೂ ಪೋಪ್ ಆರನೇ ಪೌಲ್ ಅವರೂ 1973ರಲ್ಲಿ ಕ್ರಿಸ್ತನ ಕುರಿತ ಜಂಟಿ ಹೇಳಿಕೆಗೆ ಸಹಿ ಹಾಕಿದರು. ವಿಶ್ವಾಸದಿಂದ ನೀತಿವಂತರಾಗುವ ಬಗ್ಗೆ ಹದಿನಾರನೇ ಶತಮಾನದಲ್ಲಿ ಒಬ್ಬರನ್ನೊಬ್ಬರು ಖಂಡಿಸಿದ್ದ ಲೂಥರನ್ ಮತ್ತು ಕಥೋಲಿಕ ಸಭೆಗಳು 1999ರಲ್ಲಿ ಜಂಟಿ ಘೋಷಣೆ ಹೊರಡಿಸಿದವು.

ಓದಿದರೆ ವಿಶ್ವಾಸ ಹೋಗುತ್ತದೆಯೇ? ಕಳೆದುಕೊಂಡವರನ್ನು ನೋಡಿದ್ದೇನೆ. ಗಟ್ಟಿಯಾದವರನ್ನೂ, ಒಂದು ಸಭೆ ಬಿಟ್ಟು ಇನ್ನೊಂದಕ್ಕೆ ಹೋದವರನ್ನೂ ನೋಡಿದ್ದೇನೆ. ಹೆಚ್ಚಿನವರು ಪ್ರಬಂಧ ಸಲ್ಲಿಸುವ ದಿನಾಂಕದ ಚಿಂತೆಯಲ್ಲೇ ವರ್ಷ ಕಳೆಯುತ್ತಾರೆ. ನಿಮಗೆ ಹೀಗೇ ಆಗುತ್ತದೆ ಎಂದು ಭರವಸೆ ಕೊಟ್ಟರೆ ಅದು ಸುಳ್ಳಾಗುತ್ತದೆ. ತಂದೆಯವರ ಭಯಕ್ಕೆ ಬುಡವೇ ಇಲ್ಲ ಎಂದೂ ಹೇಳಲಾರೆ. ಆದರೆ ಒಂಟಿಯಾಗಿ ಒದ್ದಾಡುವವರಿಗೆ ಕಷ್ಟ ಹೆಚ್ಚು. ಇತಿಹಾಸ ಓದಿದ ಒಬ್ಬ ಪಾದ್ರಿಯೋ ಮೇಲಿನ ತರಗತಿಯ ನಂಬುವ ವಿದ್ಯಾರ್ಥಿಯೋ ಮಾತಿಗೆ ಸಿಗುವಂತೆ ನೋಡಿಕೊಳ್ಳಿ. ಅಧ್ಯಾಪಕರನ್ನು ಸಭಾಪಾಲಕರನ್ನಾಗಿ ಮಾಡಿಕೊಳ್ಳಬೇಡಿ, ಆ ಕೆಲಸ ಅವರದಲ್ಲ. ನಿದ್ದೆಯಿಲ್ಲದ ರಾತ್ರಿಗಳು ಹೀಗೇ ಮುಂದುವರಿದರೆ ಅದು ಸಿದ್ಧಾಂತದ ಪ್ರಶ್ನೆಯಾಗಿ ಉಳಿಯುವುದಿಲ್ಲ; ವೈದ್ಯರನ್ನೋ ಆಪ್ತಸಲಹೆಗಾರರನ್ನೋ ಕಾಣಿ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಬೈಬಲ್ ಅಧ್ಯಯನಕ್ಕೆ ಹೋದರೆ ನಿರಾಳ ಎಂದುಕೊಂಡಿದ್ದರೆ ಮತ್ತೊಮ್ಮೆ ಯೋಚಿಸಿ. ಪೌಲನ ಹೆಸರಿನ ಎಲ್ಲ ಪತ್ರಿಕೆಗಳೂ ಪೌಲನವೇ, ಮತ್ತಾಯ ಮಾರ್ಕ ಲೂಕರಲ್ಲಿ ಯಾರು ಯಾರನ್ನು ನೋಡಿ ಬರೆದರು ಎಂಬ ಪ್ರಶ್ನೆಗಳು ಅಲ್ಲಿ ಮೊದಲ ವಾರಗಳಲ್ಲೇ ಏಳುತ್ತವೆ. ನಂಬುವ ವಿದ್ಯಾರ್ಥಿಗಳಿಗೆ ಅಲ್ಲಿಯ ಬಿಸಿ ಇಲ್ಲಿಗಿಂತ ಹೆಚ್ಚು ತಟ್ಟುವುದನ್ನು ಕಂಡಿದ್ದೇನೆ. ಆ ವಿಷಯ ಇಷ್ಟವಿದ್ದರೆ ಹೋಗಿ, ಭಯದಿಂದ ಹೋಗಬೇಡಿ. ಸೆಮಿನರಿಯ ಮಾತು ಬೇರೆ. ಅಲ್ಲಿ ಒಂದು ಸಂಪ್ರದಾಯದೊಳಗೆ ನಿಂತು ಸೇವೆಗೆ ತಯಾರಾಗುತ್ತೀರಿ, ಜೊತೆಗೆ ಪ್ರಾರ್ಥಿಸುವವರಿರುತ್ತಾರೆ. ಸಭಾಸೇವೆಗೆ ಕರೆ ಇದೆ ಎನ್ನಿಸಿದ್ದರೆ ಅದು ಸರಿಯಾದ ಜಾಗ. ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲು ಹೋದರೆ ಮಾತ್ರ ಅಪಾಯ, ಏಕೆಂದರೆ ಒಳ್ಳೆಯ ಸೆಮಿನರಿಯಲ್ಲೂ ನೈಸಿಯದ ಪಾಠ ಹೀಗೇ ನಡೆಯುತ್ತದೆ. ಅಲ್ಲಿ ಅದುಮಿಟ್ಟ ಪ್ರಶ್ನೆ ಮುಂದೆ ಸಭೆಯ ಹೊಣೆಯೂ ಸಂಬಳವೂ ಸಂಸಾರವೂ ಬೆಸೆದುಕೊಂಡ ಮೇಲೆ ಎದ್ದು ಬಂದರೆ ಆಗ ತೆರಬೇಕಾದ ಬೆಲೆ ದೊಡ್ಡದು. ಎರಡು ವರ್ಷದ ಓದು ಅಲ್ಲಿ ಲೆಕ್ಕಕ್ಕೆ ಬರುತ್ತದೆಯೇ ಎಂದು ಮೊದಲೇ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ಇಲ್ಲೇ ಮುಂದುವರಿಯಿರಿ ಎಂಬುದು ನನ್ನ ಒಲವು. ಅಂಕ ಏರಲು ಸಮಯ ಹಿಡಿಯಬಹುದು, ಮನೆಯಲ್ಲಿ ಮಾತು ಬಿಗಿಯಾಗಬಹುದು. ತಂದೆಯವರ ಮುಂದೆ ವಿಡಿಯೊದ ವಾದವನ್ನಿಟ್ಟು ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ. ಅಥನಾಸಿಯಸ್ ಐದು ಸಲ ಗಡೀಪಾರಾದ ಕಥೆಯಿಂದ ಶುರುಮಾಡಿ, ಅವರೂ ಕೇಳುತ್ತಾರೆ.

ಗ್ರೀಕ್, ಲ್ಯಾಟಿನ್ ಪದವಿ ಮಟ್ಟಕ್ಕೆ ಅಡ್ಡಿಯಲ್ಲ, ಒಳ್ಳೆಯ ಅನುವಾದಗಳು ಸಾಕು. ಸಂಶೋಧನೆಗೆ ಹೋಗುವ ಮನಸ್ಸಿದ್ದರೆ ಮಾತ್ರ ಈಗಲೇ ಒಂದನ್ನು ಶುರುಮಾಡಿ. ಈ ಶತಮಾನಗಳ ಮೇಲೆ ಕೆಲಸ ಮಾಡುವವರಿಗೆ ಗ್ರೀಕ್ ಮೊದಲು ಬೇಕು, ಮುಂದೆ ಜರ್ಮನ್ ಕೂಡ ಬೇಕಾಗುತ್ತದೆ.

ವಿಷಯ ಬದಲಿಸಲು ಕೊನೆಯ ದಿನಾಂಕ ಯಾವುದೆಂದು ಇಂದೇ ಕಚೇರಿಯಲ್ಲಿ ವಿಚಾರಿಸಿ. ಅದಕ್ಕೆ ಮುಂಚೆ ಅದೇ ಪ್ರಬಂಧದ ಮೊದಲ ಎರಡು ಪುಟಗಳನ್ನು ಏರಿಯಸ್‌ನ ಪತ್ರ ಓದಿ ಹೊಸದಾಗಿ ಬರೆದು, ಅಂಕಕ್ಕಲ್ಲ ಎಂದು ಹೇಳಿ ಅಧ್ಯಾಪಕರಿಗೆ ತೋರಿಸಿ. ಅವರು ಅಂಚಿನಲ್ಲಿ ಈ ಸಲ ಏನು ಬರೆಯುತ್ತಾರೆ ಎಂಬುದನ್ನು ನೋಡಿಕೊಂಡು ನಿರ್ಧಾರ ಮಾಡಿ.